ಟಾಕಿಯ ಮೇಲಿನ ಪೆಟ್ಟಿಗೆ ಪಂಚಾಯಿತಿಯಲ್ಲ

ನಮ್ಮ ಊರಿಗೆ ನೀರು ಯಾವಾಗ ಬರುತ್ತದೆ ಎಂದು ಹೇಳುವ ಹೊಣೆ ನಮ್ಮ ಗ್ರಾಮ ಪಂಚಾಯಿತಿಯದು. ಆ ಹೊಣೆಯನ್ನು ಅದು ಅಂಚೆಚೀಟಿಯಷ್ಟಗಲದ ಒಂದು ಎಲೆಕ್ಟ್ರಾನಿಕ್ ಬಿಡಿಭಾಗದ ಕೊರಳಿಗೆ ಕಟ್ಟಿ ಕೈತೊಳೆದುಕೊಂಡಿದೆ; ಕೈತೊಳೆಯಲು ಅದಕ್ಕೆ ನೀರು ಎಲ್ಲಿ ಸಿಕ್ಕಿತು ಎಂಬುದು ಬೇರೆ ವಿಚಾರಣೆಯ ವಿಷಯ. ಆ ಬಿಡಿಭಾಗವನ್ನು ಹುಬ್ಬಳ್ಳಿಯಿಂದ ಕೊಂಡು ತಂದವಳು ನಾನು. ಬೆಸುಗೆ ಹಾಕಿದವಳು ನಾನು. ನೀರಿನ ಟಾಕಿಯ ಏಣಿಗೆ ಕಟ್ಟಿಸಿದವಳೂ ನಾನೇ. ಆದ್ದರಿಂದ ಅಧ್ಯಕ್ಷರ ಮೇಲೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೇಲೆ, ಠರಾವಿಗೆ ಕೈ ಎತ್ತಿದ ಸದಸ್ಯರ ಮೇಲೆ ನಾನು ಹೊರಿಸುತ್ತಿರುವ ಆರೋಪ ಕೇಳಿದ ಮಾತಲ್ಲ, ಕಂಡದ್ದು.

ಊರಿನ ಹೆಸರು ಬರೆಯುವುದಿಲ್ಲ. ಕುಂದಗೋಳ ತಾಲ್ಲೂಕು; ಯರಗುಪ್ಪಿಯ ಕಡೆ ಹೋಗುವ ಬಸ್ಸು ಹತ್ತಿದರೆ ನಡುವೆ ಎಲ್ಲಿಯೋ ಇಳಿಯಬೇಕು. ಹೆಸರು ಬರೆದರೆ ಒಂದು ಪಂಚಾಯಿತಿ ಮಾತ್ರ ಸಿಟ್ಟಾಗುತ್ತದೆ. ಬರೆಯದಿದ್ದರೆ ಸುತ್ತಲಿನ ಎಲ್ಲವೂ ತಮ್ಮನ್ನೇ ಕುರಿತದ್ದೆಂದು ತಿಳಿಯುತ್ತವೆ. ಎರಡನೆಯದು ಹೆಚ್ಚು ಉಪಯುಕ್ತ.

ನಮ್ಮದು ಎರೆಭೂಮಿ. ಬಾವಿಯ ನೀರು ಸವಳು. ಅದರಲ್ಲಿ ಬಟ್ಟೆ ತೊಳೆಯಬಹುದು, ಬೇಳೆ ಬೇಯಿಸಲಾಗದು. ಕುಡಿಯುವ ನೀರು ಊರ ಹೊರಗಿನ ಕೆರೆಯಿಂದ ಎತ್ತರದ ಟಾಕಿಗೆ ಏರಿ, ಅಲ್ಲಿಂದ ಓಣಿಓಣಿಗೆ ಸರದಿಯ ಮೇಲೆ ಇಳಿದು ಬರುತ್ತದೆ. ಸರದಿ ಎಂಬ ಶಬ್ದವನ್ನು ಪಂಚಾಯಿತಿ ಬಳಸುತ್ತದೆಂದು ನಾನೂ ಬಳಸಿದ್ದೇನೆ. ನೀರು ಒಮ್ಮೆ ಮುಂಜಾನೆ ಬರುತ್ತದೆ, ಒಮ್ಮೆ ಮಧ್ಯಾಹ್ನ ಬರುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು ಬರುತ್ತದೆ. ಬಂದ ನೀರು ನಿಲ್ಲುವ ಹೊತ್ತೂ ಗೊತ್ತಿಲ್ಲ.

ಮನೆಮನೆಗೂ ನಳ ಇದೆಯಲ್ಲ, ತೆರೆದಿಟ್ಟು ಹೋಗಬಹುದಲ್ಲ ಎಂದು ಪೇಟೆಯ ಓದುಗರು ಕೇಳಬಹುದು. ಒತ್ತಡ ಸಾಲದ್ದರಿಂದ ನಮ್ಮ ಓಣಿಯ ನಳಗಳೆಲ್ಲ ಅಂಗಳದಲ್ಲಿ ತೋಡಿದ ತಗ್ಗಿನೊಳಗಿವೆ. ಒಬ್ಬರು ತಗ್ಗಿಗಿಳಿದು, ಮೊದಲು ಬರುವ ಕೆಂಪು ನೀರನ್ನು ಹರಿಯಬಿಟ್ಟು, ಕೊಡ ಹಿಡಿದು, ತುಂಬಿ, ಮೇಲೆ ಎತ್ತಿ ಕೊಡಬೇಕು. ನಮ್ಮ ಮನೆಯಲ್ಲಿ ಮೊದಲ ಕೊಡ ಲಿಂಗಪೂಜೆಯ ಅಗ್ಘವಣಿಗೆ, ಅಂದರೆ ಪೂಜೆಯ ನೀರಿಗೆ, ಮೀಸಲು. ಅದನ್ನು ಸ್ನಾನ ಮಾಡಿದ ಮನೆಯವರೇ ತುಂಬಬೇಕು. ನೆರೆಯವರಿಗೆ ಹೇಳಿ ಹೋಗುವಂತಿಲ್ಲ. ಅವ್ವನ ಮೊಣಕಾಲು ತಗ್ಗಿಗೆ ಇಳಿಯಗೊಡುವುದಿಲ್ಲ. ಅಪ್ಪ ಹೊಲಕ್ಕೆ ಹೋಗುತ್ತಾರೆ, ಅಣ್ಣ ಕುಂದಗೋಳದ ತನ್ನ ಗೊಬ್ಬರದ ಅಂಗಡಿಗೆ ಹೋಗುತ್ತಾನೆ, ನಾನು ಹುಬ್ಬಳ್ಳಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೋಗುತ್ತೇನೆ. ಗಂಡಸರು ಕೊಡ ಹಿಡಿಯಬಾರದೆಂಬ ನಿಯಮ ನಮ್ಮ ಮನೆಯಲ್ಲಿ ಎಲ್ಲಿಯೂ ಬರೆದಿಲ್ಲ. ಆದರೂ ನಿಷ್ಠೆಯಿಂದ ಪಾಲನೆಯಾಗುತ್ತದೆ. ಉಳಿದವಳು ವೈನಿ, ಅಣ್ಣನ ಹೆಂಡತಿ.

ವೈನಿ ಊರ ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ; ಶಾಲೆಯಲ್ಲಿ ಎಲ್ಲರಿಗೂ ಬಾಯಾರು. ಅತಿಥಿ ಎಂಬುದರ ಅರ್ಥವನ್ನು ನಮ್ಮ ನಾಡಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ಬಂದವರು ಹೋಗುವುದನ್ನು ಎಲ್ಲರೂ ಸೌಜನ್ಯದಿಂದ ಕಾಯುತ್ತಿರುತ್ತಾರೆ. ವರ್ಷ ಮುಗಿದಾಗ ಆ ಹುದ್ದೆಯೂ ಮುಗಿಯುತ್ತದೆ. ಮರುವರ್ಷ ಮತ್ತೆ ಬೇಕಾದರೆ ಹೆಡ್ ಮಾಸ್ತರರು ಹೆಸರು ಕಳುಹಿಸಬೇಕು. ಮದುವೆಯಾಗಿ ಬಂದ ಮೇಲೆ ಬಿ.ಎಡ್. ಮುಗಿಸಿ, ಬಹಳ ಕಾದು ಪಡೆದ ಕೆಲಸ ಅದು. ನೀರು ಬರಬಹುದೆಂಬ ಅನುಮಾನವಿದ್ದ ದಿನಗಳಲ್ಲಿ ಅವಳು ರಜೆ ಹಾಕುತ್ತಿದ್ದಳು. ಅನುಮಾನವಿಲ್ಲದ ದಿನ ಯಾವುದೂ ಇರಲಿಲ್ಲ. ಹೆಡ್ ಮಾಸ್ತರರು ಒಮ್ಮೆ ಕರೆದು, ಹೀಗಾದರೆ ಮುಂದಿನ ವರ್ಷ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಸಮಾಧಾನದಿಂದಲೇ ತಿಳಿಸಿದರು.

ನಾನು ಪಂಚಾಯಿತಿಗೆ ಹೋಗಿ ನೀರು ಬಿಡುವ ವೇಳೆಯನ್ನು ಬರೆದು ಹಚ್ಚಿರಿ ಎಂದು ಕೇಳಿದೆ. ಅಧ್ಯಕ್ಷರು ಒಳ್ಳೆಯ ಮನುಷ್ಯ. ಕೂಡ್ರಿಸಿ ಚಹಾ ತರಿಸಿದರು. ಮಳೆ ಹೇಳಿ ಬರುತ್ತದೆಯೇ, ನೀರೂ ಹಾಗೆಯೇ ಎಂದರು. ಮಳೆಗೆ ತೆರೆದು ಮುಚ್ಚುವ ವಾಲ್ ಇಲ್ಲ, ಟಾಕಿಗೆ ಇದೆ ಎಂದೆ. ಆಗ ಅಭಿವೃದ್ಧಿ ಅಧಿಕಾರಿಗಳು ಕಡತದಿಂದ ತಲೆ ಎತ್ತಿ, ನನ್ನ ಇಡೀ ವಿದ್ಯಾಭ್ಯಾಸದಲ್ಲಿ ಯಾರೂ ಹೇಳಿಕೊಡದ ಒಂದು ಸತ್ಯವನ್ನು ಹೇಳಿದರು.

"ವೇಳೆ ಬರದು ಹಚ್ಚಿದ್ರ, ಜನ ಆ ವೇಳೆಕ್ಕ ನೀರು ಕೇಳತಾರ್ರಿ."

ಅವರು ತಮಾಷೆ ಮಾಡುತ್ತಿರಲಿಲ್ಲ.

ನೀರು ಬಿಡುವ ಕೆಲಸದವರನ್ನು ಓಣಿಯೆಲ್ಲ ಕಾಕಾ ಎನ್ನುತ್ತದೆ. ಅವರನ್ನು ಕೇಳಿದೆ. "ನನಗರ ಎಲ್ಲಿ ಗೊತ್ತೈತಿ, ಯವ್ವಾ. ಫೋನ್ ಬಂದ್ರ ತಗೀತೀನಿ, ಫೋನ್ ಬಂದ್ರ ಮುಚ್ಚತೀನಿ," ಎಂದರು. ಫೋನ್ ಮಾಡುವವರು ಯಾರೆಂದು ಕೇಳಿದ್ದಕ್ಕೆ, ಒಬ್ಬರಲ್ಲ, ಯಾರಿಗೆ ನೆನಪಾಗುತ್ತದೋ ಅವರು ಎಂದರು. ಇಡೀ ವ್ಯವಸ್ಥೆಯಲ್ಲಿ ನೀರು ಬಂದಿದೆ ಎಂದು ಖಚಿತವಾಗಿ ತಿಳಿದಿದ್ದದ್ದು ಕಬ್ಬಿಣದ ಆ ವಾಲ್‌ಗೆ ಮಾತ್ರ. ಹಾಗಾದರೆ ಅದರ ಬಾಯಿಂದಲೇ ಹೇಳಿಸೋಣ ಎಂದುಕೊಂಡೆ.

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ಒಂದು ಅಂಗಡಿ ಇದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ನಿಸ್ತಂತು ಜೋಡಿ ಬೇಕು ಎಂದಾಗ ಅಂಗಡಿಯವರು ಕಾರು ಮಾಡಲಿಕ್ಕೋ ರೋಬೋಟ್ ಮಾಡಲಿಕ್ಕೋ ಎಂದು ಕೇಳಿದರು. ನಳಕ್ಕೆ ಎಂದೆ. ಅವರು ಆ ಬಿಡಿಭಾಗವನ್ನು ತಿರುವಿ ನೋಡಿದರು, ತಾವು ಇಷ್ಟು ವರ್ಷ ಮಾರುತ್ತಿದ್ದದ್ದು ಏನು ಎಂಬಂತೆ. ಗ್ಯಾರಂಟಿ ಇದೆಯೇ ಎಂದು ಕೇಳಿದೆ.

"ಅಂಗಡಿ ಮೆಟ್ಟಲಾ ಇಳಿಯೂ ತನಕ ಐತ್ರಿ."

ಜೋಡಿಯಲ್ಲಿ ಎರಡು ಚಿಕ್ಕ ಹಲಗೆಗಳಿರುತ್ತವೆ. ಒಂದು ಕಳುಹಿಸುವುದು: ಮೂರು ಕಾಲು, ಗುಂಡನೆಯ ಬೆಳ್ಳಿಬಣ್ಣದ ಒಂದು ಡಬ್ಬಿ. ಇನ್ನೊಂದು ಕೇಳುವುದು: ನಾಲ್ಕು ಕಾಲು, ತುಸು ಉದ್ದ. ಕಳುಹಿಸುವುದಕ್ಕೆ ಕೇಳುವ ಶಕ್ತಿ ಇಲ್ಲ. ಕೇಳುವುದಕ್ಕೆ ಉತ್ತರಿಸುವ ಶಕ್ತಿ ಇಲ್ಲ. ನಮ್ಮ ಗ್ರಾಮಸಭೆಯ ರಚನೆಯೂ ಇದೇ ಆಗಿರುವುದರಿಂದ ನನಗೆ ಅರ್ಥಮಾಡಿಕೊಳ್ಳಲು ಕಷ್ಟವಾಗಲಿಲ್ಲ. ಎಷ್ಟು ದೂರ ತಲುಪುತ್ತದೆಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಆ ದೂರ ಗೋಡೆ, ಗಿಡ, ಮನುಷ್ಯರು ಇಲ್ಲದ ಯಾವುದೋ ಲೋಕದ ಅಳತೆ.

ಮನೆಗೆ ತಂದು ಜೋಡಿಸಿದಾಗ ಮೊದಲು ತಿಳಿದದ್ದು, ಕೇಳುವ ಹಲಗೆಗೆ ಮೌನ ಎಂಬುದು ಗೊತ್ತಿಲ್ಲವೆಂದು. ಯಾರೂ ಏನನ್ನೂ ಕಳುಹಿಸದಿದ್ದಾಗ ಅದು ತನ್ನ ಕಿವಿಯನ್ನು ತಾನೇ ಚುರುಕುಮಾಡಿಕೊಂಡು, ಗಾಳಿಯಲ್ಲಿರುವ ಕಸವನ್ನೆಲ್ಲ ಹೆಕ್ಕಿ, ಸದ್ದು ಮಾಡಲೆಂದು ಅದಕ್ಕೆ ಜೋಡಿಸಿದ ಬಜರಿನಲ್ಲಿ ಕರಕರ ಎನ್ನಿಸುತ್ತದೆ. ಅವ್ವ ಜೋಳ ಹಸನು ಮಾಡುತ್ತ ಬಹಳ ಹೊತ್ತು ಕೇಳಿಸಿಕೊಂಡಳು.

"ಇದು ನಿಮ್ಮ ಚಿಗವ್ವನಂಗ ಐತಿ. ಯಾರೂ ಕರೀದಿದ್ರೂ ಓ ಅಂತೈತಿ."

ಅದಕ್ಕೆ ಸಂಕೇತ ಬೇಕು. ಕಳುಹಿಸುವ ಕಡೆ ಒಂದು ಚಿಪ್ ಸಂಕೇತವನ್ನು ಕಟ್ಟುತ್ತದೆ, ಕೇಳುವ ಕಡೆ ಇನ್ನೊಂದು ಬಿಡಿಸುತ್ತದೆ. ಎರಡರ ಮೇಲೂ ಸಾಲಾಗಿ ಕೆಲವು ಪುಟ್ಟ ಸ್ವಿಚ್ಚುಗಳಿದ್ದು, ಎರಡೂ ಕಡೆ ಒಂದೇ ರೀತಿ ಇಟ್ಟರೆ ಮಾತ್ರ ಬಜರು ಬಾರಿಸುತ್ತದೆ. ಅದನ್ನು ಹಾಕಿದ ಮೇಲೆ ಹಲಗೆ ಚಿಗವ್ವನ ಗುಣ ಬಿಟ್ಟಿತು. ಎರಡೂ ಕಡೆ ಮುಕ್ಕಾಲು ಗೇಣಿನ ತಂತಿಯೊಂದನ್ನು ನೆಟ್ಟಗೆ ಬಿಟ್ಟೆ. ಅದೇ ಅದರ ಆಂಟೆನಾ. ಒಂದು ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಹಲಗೆ ಪೂರ್ತಿ ಕಿವುಡಾಗಿತ್ತು. ಅವ್ವ ಆ ತಂತಿಯನ್ನು ಅಂದವಾಗಿ ಸುರುಳಿ ಸುತ್ತಿ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದ್ದಳು. ಜೋತಾಡುವ ತಂತಿ ಮನೆಗೆ ಶೋಭೆಯಲ್ಲವಂತೆ. ಅಲೆಯ ಉದ್ದ, ಅದರ ಕಾಲುಭಾಗ, ಎಲ್ಲವನ್ನೂ ನಾನು ವಿವರಿಸಿದೆ. ಸುತ್ತಿಟ್ಟರೆ ಕೇಳಿಸುವುದಿಲ್ಲ ಎನ್ನುವ ವಸ್ತುವಿಗೆ ಬುದ್ಧಿ ಕಡಿಮೆ ಎಂಬ ತೀರ್ಮಾನಕ್ಕೆ ಬಂದು, ಅವ್ವ ಅದನ್ನು ಮತ್ತೆ ನೆಟ್ಟಗೆ ಮಾಡಿದಳು.

ನಮ್ಮ ಓಣಿಯ ವಾಲ್‌ಗೆ ಉದ್ದನೆಯ ಹಿಡಿಕೆ ಇದೆ. ತೆರೆದಾಗ ಅದು ಕೊಳವೆಗೆ ಸಮನಾಗಿ ಮಲಗುತ್ತದೆ. ಹಿಡಿಕೆಗೆ ಒಂದು ಅಯಸ್ಕಾಂತ, ಕೊಳವೆಯ ಬಾಜೂ ಅಯಸ್ಕಾಂತ ಸಮೀಪಿಸಿದರೆ ಕೂಡುವ ಒಂದು ಸ್ವಿಚ್ಚು. ಅಲ್ಲಿಂದ ತಂತಿ ಎಳೆದು, ಬ್ಯಾಟರಿಯೂ ಕಳುಹಿಸುವ ಹಲಗೆಯೂ ಇದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಾಕಾ ಟಾಕಿಯ ಏಣಿಯ ಮೇಲ್ಭಾಗದಲ್ಲಿ ಕಟ್ಟಿದರು. ಮಳೆಯ ನೀರು ಹೋಗದಿರಲೆಂದು ತಂತಿಗಳ ತೂತು ಕೆಳಮುಖವಾಗಿತ್ತು. ಆಂಟೆನಾವೂ ಅದರ ಮೂಲಕವೇ ಕೆಳಗೆ ಇಳಿದಿತ್ತು. ಎರೆಭೂಮಿ ಚಪ್ಪಟೆಯಾಗಿರುವುದರಿಂದ ಮತ್ತು ಟಾಕಿ ಎತ್ತರವಾಗಿರುವುದರಿಂದ ನಮ್ಮ ಅಂಗಳಕ್ಕೂ ಶಾಲೆಯ ಶಿಕ್ಷಕರ ಕೋಣೆಗೂ ಸಂಕೇತ ತಲುಪಿತು. ಪಂಚಾಯಿತಿಯ ಅನುಮತಿಯನ್ನು ಬಾಯಿಮಾತಿನಲ್ಲಿ ಕೇಳಿದ್ದೆ; ಅವರಿಗೆ ಖರ್ಚಿಲ್ಲವೆಂದು ತಿಳಿದ ಕೂಡಲೇ ಅನುಮತಿ ದೊರೆಯಿತು.

ಶಾಲೆಯಲ್ಲಿ ಒಂದು ಏರ್ಪಾಡಾಯಿತು. ಬಜರು ಬಾರಿಸಿದರೆ ಚಿತ್ರಕಲೆಯ ಮಾಸ್ತರರು ವೈನಿಯ ತರಗತಿಯನ್ನು ತೆಗೆದುಕೊಳ್ಳುವುದು. ಅವಳು ನೀರು ತುಂಬಿ ಬಂದು ಅವರ ತರಗತಿಯನ್ನು ತೆಗೆದುಕೊಳ್ಳುವುದು. ಹೆಡ್ ಮಾಸ್ತರರು ಒಪ್ಪಿದರು. ವಿದ್ಯಾರ್ಥಿಗಳಿಗೆ ಆ ಬಜರಿನ ಮೇಲೆ ಪ್ರೀತಿ ಹುಟ್ಟಿದ್ದು ಸಹಜವೇ. ವಿಜ್ಞಾನದ ನಡುವೆ ಇದ್ದಕ್ಕಿದ್ದಂತೆ ಬಣ್ಣದ ಪೆನ್ಸಿಲು ಬರುತ್ತಿತ್ತು. ವೈನಿ ರಜೆ ಹಾಕುವುದು ನಿಂತಿತು. ಒಂದು ಸಂಜೆ ಅವಳು ಚೀಲ ಇಳಿಸುತ್ತ, ಬೆಳಕಿನ ಪಾಠವನ್ನು ಮೊದಲಿಂದ ಕೊನೆಯವರೆಗೆ ತಾನೇ ಮುಗಿಸಿದೆನೆಂದು ಹೇಳಿದಳು. ಮನೆಯಲ್ಲಿ ಯಾರಿಗೂ ಅದು ಸುದ್ದಿ ಎನಿಸಲಿಲ್ಲ. ನನಗೆ ಎನಿಸಿತು.

ಇಲ್ಲಿಗೆ ನಿಂತಿದ್ದರೆ ನಾನು ಈ ಬರಹವನ್ನು ಬರೆಯುತ್ತಿರಲಿಲ್ಲ. ಓಣಿಯವರು ಕೇಳಿದರೆಂದು ಅದೇ ಸಂಕೇತದ ಇನ್ನಷ್ಟು ಕೇಳುವ ಪೆಟ್ಟಿಗೆಗಳನ್ನು ಮಾಡಿಕೊಟ್ಟೆ. ಸುದ್ದಿ ಪಂಚಾಯಿತಿಗೆ ಮುಟ್ಟಿತು. ಸಭೆ ಸೇರಿ ಠರಾವು ಆಯಿತು. ನನ್ನ ಪ್ಲಾಸ್ಟಿಕ್ ಪೆಟ್ಟಿಗೆಗೆ 'ನಿಸ್ತಂತು ಜಲಸೂಚನಾ ವ್ಯವಸ್ಥೆ' ಎಂದು ನಾಮಕರಣವಾಯಿತು. ಪೆಟ್ಟಿಗೆಗಿಂತ ಹಲವು ಪಟ್ಟು ದೊಡ್ಡದಾದ ಬ್ಯಾನರಿನಲ್ಲಿ ಆ ಹೆಸರು ಮೂಡಿತು. ನೀರಿನ ದೂರುಗಳಿಗೆಂದು ಪಂಚಾಯಿತಿಯ ಗೋಡೆಯ ಮೇಲೆ ಬರೆದಿದ್ದ ಫೋನ್ ಸಂಖ್ಯೆಯ ಮೇಲೆಯೇ ಆ ಬ್ಯಾನರನ್ನು ಕಟ್ಟಿದರು. ಆಕಸ್ಮಿಕವಿರಬಹುದು. ಉಳಿದ ಗೋಡೆ ಖಾಲಿ ಇತ್ತು ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಉದ್ಘಾಟನೆ ಟಾಕಿಯ ಬುಡದಲ್ಲಿ ನಡೆಯಿತು. ನಮ್ಮಲ್ಲಿ ಪೂಜೆಯಾಗದ ಯಂತ್ರ ಮನೆಗೆ ಒಗ್ಗುವುದಿಲ್ಲವೆಂಬ ನಂಬಿಕೆ. ಟ್ರ್ಯಾಕ್ಟರಿಗೂ ಹಿಟ್ಟಿನ ಗಿರಣಿಗೂ ಅನ್ವಯಿಸುವ ಈ ನಿಯಮದಿಂದ ಅಂಚೆಚೀಟಿಯಷ್ಟಗಲದ ಹಲಗೆಯನ್ನು ಹೊರಗಿಡಲು ಕಾರಣವಿರಲಿಲ್ಲ. ಕಾಕಾ ವಿಭೂತಿ, ಹೂವಿನ ಹಾರ, ಒಡೆದ ತೆಂಗಿನಕಾಯಿಯೊಂದಿಗೆ ಏಣಿ ಹತ್ತಿದರು. ಪೆಟ್ಟಿಗೆಯ ತಂತಿ ಬಾಲದಂತೆ ಕೆಳಗೆ ಜೋತುಬಿದ್ದಿರುವುದು ಅಧ್ಯಕ್ಷರ ಕಣ್ಣಿಗೆ ಬಿತ್ತು. ಶುಭಕಾರ್ಯದಲ್ಲಿ ಅದು ಸರಿಕಾಣಲಿಲ್ಲ.

"ಅದನ್ನ ಮ್ಯಾಲ ಮುಖ ಮಾಡಲೇ. ಸಿಗ್ನಲ್ ಮ್ಯಾಲಿಂದ ಬರತೈತೋ ಕೆಳಗಿಂದೋ?"

ಸುತ್ತಲಿದ್ದವರಿಗೆ ಅದು ವೈಜ್ಞಾನಿಕವಾಗಿ ಕಂಡಿತು. ಕಾಕಾ ನನ್ನತ್ತ ನೋಡಿದರು. ಆ ಕ್ಷಣದಲ್ಲಿ ಸದಸ್ಯರೊಬ್ಬರು ನನಗೆ ಶಾಲು ಹೊದಿಸುತ್ತಿದ್ದರು, ಇನ್ನೊಬ್ಬರು ಹಣ್ಣಿನ ಬುಟ್ಟಿಯನ್ನು ಕೈಗಿಡುತ್ತಿದ್ದರು, ಮೂರನೆಯವರು ಫೋಟೋಕ್ಕಾಗಿ ಈ ಕಡೆ ನೋಡಿರೆಂದು ಹೇಳುತ್ತಿದ್ದರು. ಬೇಡವೆಂದು ನಾನು ಹೇಳಿದ ಮಾತು ಚಪ್ಪಾಳೆಯಲ್ಲಿ ಹೋಯಿತು. ಪೆಟ್ಟಿಗೆ ತಲೆಕೆಳಗಾಯಿತು, ತೂತು ಆಕಾಶಕ್ಕೆ ಮುಖ ಮಾಡಿತು. ಅದರ ಮೇಲೆ ಕಾಕಾ ಭಕ್ತಿಯಿಂದ ಕಾಯಿಯ ನೀರನ್ನು ಸುರಿದರು. ಹಾರ ಮಾತ್ರ ನೆಟ್ಟಗೆ ಕುಳಿತಿತು.

ಕಾಯಿಯ ನೀರಿನಲ್ಲಿ ಉಪ್ಪಿನ ಅಂಶವಿದೆ. ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಹಲಗೆಯ ಮೇಲೆ ಸ್ವಿಚ್ಚಿನ ತಂತಿಗಳೆರಡು ಸೇರುವ ಜಾಗದಲ್ಲಿ ಅದು ನಿಂತಾಗ, ವಾಲ್ ತೆರೆದಿದೆ ಎಂದೇ ಪೆಟ್ಟಿಗೆ ತಿಳಿಯಿತು. ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ಓಣಿಯ ಎಲ್ಲ ಮನೆಗಳಲ್ಲಿ ಬಜರು ಬಾರಿಸಿತು. ಸಭೆ ಎದ್ದು ಕೊಡಗಳ ಕಡೆ ಓಡಿತು. ಅದನ್ನು ಅವರು ಯೋಜನೆಯ ಯಶಸ್ಸೆಂದು ವರ್ಣಿಸಿದರು. ನಳಗಳು ಒಣಗಿದ್ದವು.

ಪೆಟ್ಟಿಗೆಯನ್ನು ಕೂಡಲೇ ಇಳಿಸಿಕೊಡಿ ಎಂದು ಅಲ್ಲಿಯೇ ಅಧ್ಯಕ್ಷರನ್ನು ಕೇಳಿದೆ. ಈಗ ಅದು ಪಂಚಾಯಿತಿಯದು, ಠರಾವಾಗಿದೆ, ಇಳಿಸಬೇಕಾದರೆ ಇನ್ನೊಂದು ಠರಾವು ಬೇಕು ಎಂದರು. ಮುಂದಿನ ದಿನಗಳಲ್ಲಿ ಅದು ತನಗೆ ತೋಚಿದಾಗ ಬಾರಿಸಿತು: ಮಂಜು ಬಿದ್ದ ಮುಂಜಾನೆ ಬಾರಿಸಿತು, ಬಿಸಿಲೇರಿದಾಗ ಸುಮ್ಮನಾಯಿತು, ಮೋಡ ಕವಿದರೆ ಮತ್ತೆ ಬಾರಿಸಿತು. ಪ್ರತಿ ಸಲವೂ ವೈನಿ ತರಗತಿ ಬಿಟ್ಟು, ಮನೆಗೆ ಬಂದು, ತಗ್ಗಿಗಿಳಿದು, ಒಣ ನಳ ನೋಡಿ, ಹಿಂದಿರುಗಿದಳು. ಚಿತ್ರಕಲೆಯ ಮಾಸ್ತರರ ಬಣ್ಣದ ಪೆನ್ಸಿಲುಗಳು ಮೊಂಡಾದವು.

ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದ ದಿನವೂ ಬಜರು ಬಾರಿಸಿತು. ವೈನಿ ಹೊರಟುಬಿಟ್ಟಳು, ಹಿಂದಿನ ಸರದಿ ತಪ್ಪಿದ್ದರಿಂದ ಮನೆಯಲ್ಲಿ ಕುಡಿಯುವ ನೀರು ತಳ ಕಂಡಿತ್ತು. ಅಧಿಕಾರಿಗಳು ವಿಜ್ಞಾನದ ತರಗತಿಗೆ ಬಂದಾಗ ಕರಿಹಲಗೆಯ ಮೇಲೆ ಅರ್ಧ ಬರೆದ ಸೂತ್ರವಿತ್ತು, ಶಿಕ್ಷಕಿ ಇರಲಿಲ್ಲ. ನಳಕ್ಕೆ ಹೋಗಿದ್ದಾರೆ ಎಂದು ತರಗತಿ ಒಕ್ಕೊರಲಿನಿಂದ ತಿಳಿಸಿತು. ಮರುದಿನ ಬಜರು ಮತ್ತೆ ಬಾರಿಸಿತು. ಈ ಸಲ ವೈನಿ ಹಲ್ಲು ಕಚ್ಚಿ ಪಾಠ ಮುಂದುವರಿಸಿದಳು. ಅಂದು ನೀರು ನಿಜವಾಗಿಯೂ ಬಂದಿತ್ತು. ನಮ್ಮ ಮನೆಯ ಕೊಡಗಳು ಹಾಗೆಯೇ ಬೋರಲು ಬಿದ್ದಿದ್ದವು. ಅವ್ವ ಉಳಿದಿದ್ದ ಒಂದು ತಂಬಿಗೆಯನ್ನು ಪೂಜೆಗೆ ಎತ್ತಿಟ್ಟು, ಬಾವಿಯ ನೀರಿನಲ್ಲಿ ಬೇಳೆ ಇಟ್ಟಳು. ಅದು ಬೇಯಲಿಲ್ಲ. ಅದನ್ನೇ ಉಂಡೆವು.

ನಾನು ಮತ್ತೆ ಪಂಚಾಯಿತಿಗೆ ಹೋದೆ. ಹಿಂದಿನ ವಾರ ಆ ಒಂದು ದಿನ ಬಿಟ್ಟರೆ ನಮ್ಮ ಓಣಿಗೆ ನೀರೇ ಬಂದಿಲ್ಲವೆಂದು ಹೇಳಿದೆ. ಅಭಿವೃದ್ಧಿ ಅಧಿಕಾರಿಗಳು ಪ್ರತಿದಿನವೂ ಬಂದಿದೆ ಎಂದರು. ಅದು ಹೇಗೆಂದು ಕೇಳಿದೆ.

"ಮಷಿನ್ ಬಾರಿಸೇತ್ರಿ. ಬಾರಿಸಿದ್ದಕ್ಕ ಇಡೀ ಓಣಿ ಸಾಕ್ಷಿ ಐತಿ. ನೀರು ಬರಲಿಲ್ಲ ಅನ್ನೂದಕ್ಕ ಏನೈತ್ರಿ ಸಾಕ್ಷಿ?"

"ಖಾಲಿ ಕೊಡ ಅದಾವ್ರಿ."

"ಖಾಲಿ ಕೊಡ ಯಾವಾಗಿಂದರ ಇರಬಹುದ್ರಿ."

ನಾನು ಕಾನೂನು ಓದಿದವಳಲ್ಲ. ಆದರೆ ಬಜರಿನ ಶಬ್ದವನ್ನು ನೀರೆಂದು ಒಪ್ಪಿಕೊಳ್ಳುವ, ಖಾಲಿ ಕೊಡವನ್ನು ಪುರಾವೆಯೆಂದು ಒಪ್ಪಿಕೊಳ್ಳದ ನ್ಯಾಯಶಾಸ್ತ್ರ ಜಗತ್ತಿನಲ್ಲಿ ಬೇರೆಲ್ಲಿಯಾದರೂ ಇದೆಯೇ ಎಂದು ಕಲಿತವರು ತಿಳಿಸಬೇಕು. ಅಧ್ಯಕ್ಷರು ಮಾತ್ರ ನನಗೆ ಸಮಾಧಾನ ಹೇಳಿದರು. ಯಂತ್ರದ ಹೊಣೆ ನಿನ್ನದೇ, ನಾವು ನಡುವೆ ಬರುವುದಿಲ್ಲ ಎಂದರು. ಯಂತ್ರ ಇಳಿಸುವಾಗ ಪಂಚಾಯಿತಿಯದು, ಕೆಡುವಾಗ ನನ್ನದು ಎಂಬ ಭೇದವನ್ನು ಅವರು ಯಾವ ಸಂಕೋಚವೂ ಇಲ್ಲದೆ ವಿವರಿಸಿದರು. ಅಂದಿನಿಂದ ನೀರಿನ ದೂರು ಹೊತ್ತವರೆಲ್ಲ ನಮ್ಮ ಮನೆಗೆ ಬರತೊಡಗಿದರು. ಅವ್ವ ಪ್ರತಿಯೊಬ್ಬರಿಗೂ ಚಹಾ ಮಾಡಿದಳು, ಇದ್ದ ನೀರಿನಲ್ಲಿ.

ಕೊನೆಗೆ ಠರಾವಿಗೆ ಕಾಯದೆ ಕಾಕಾರಿಂದ ಪೆಟ್ಟಿಗೆಯನ್ನು ಇಳಿಸಿಕೊಂಡು ಮನೆಗೆ ತಂದೆ. ಹಲಗೆಯ ಮೇಲೆ ಕಾಯಿಯ ನೀರು ಅಂಟಾಗಿ ಒಣಗಿತ್ತು. ಇರುವೆಗಳು ಅದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದವು. ಸ್ಪಿರಿಟ್ಟಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟೆ. ಅದು ಒಣಗುತ್ತಿದ್ದಷ್ಟು ಕಾಲ ಓಣಿಗೆ ನೀರು ಬರಲಿಲ್ಲ. ಟಾಕಿ ತುಂಬಿ ತುಳುಕುತ್ತಿರುವುದು ಕೆಳಗಿನಿಂದಲೇ ಕಾಣುತ್ತಿತ್ತು. ನಾನು ಹೋಗಿ ನೋಡಿದರೆ ಕಾಕಾ ವಾಲ್‌ನ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು.

"ಮಷಿನ್ ಬಾರಿಸದ ಹೊರತು ವಾಲ್ ತಗೀಬಾರ್ದು ಅಂತ ಹೇಳ್ಯಾರ, ಯವ್ವಾ."

"ಕಾಕಾ, ವಾಲ್ ತಗದ್ರನ ಅದು ಬಾರಸತೈತಿ."

"ನನಗ ಗೊತ್ತೈತಿ. ಹೇಳಿದವರಿಗೆ ಹೇಳು."

ನೀರು ಬಂದಿದೆ ಎಂದು ಹೇಳಲು ಮಾಡಿದ ವಸ್ತು ನೀರು ಬಿಡಲು ಬೇಕಾದ ಅಪ್ಪಣೆಯಾಗಿ ಮಾರ್ಪಟ್ಟಿತ್ತು. ಅದು ಬಾರಿಸಲು ವಾಲ್ ತೆರೆಯಬೇಕು. ವಾಲ್ ತೆರೆಯಲು ಅದು ಬಾರಿಸಬೇಕು. ಈ ವೃತ್ತದ ಹೊರಗೆ ನಿಂತು ನಿರ್ಧರಿಸಬೇಕಾದವರು ಬ್ಯಾನರಿನ ಹಿಂದೆ ಇದ್ದರು. ಒಣಗಿದ ಪೆಟ್ಟಿಗೆಯನ್ನು ತೂತು ಕೆಳಗಾಗಿ ಮತ್ತೆ ಕಟ್ಟಿಸಿ, ಕಾಕಾರ ಎದುರಿಗೇ ಬೇರೊಂದು ಅಯಸ್ಕಾಂತವನ್ನು ಸ್ವಿಚ್ಚಿಗೆ ಹಿಡಿದೆ. ಓಣಿಯಲ್ಲೆಲ್ಲ ಬಜರು ಬಾರಿಸಿತು. ಆದೇಶ ಪಾಲನೆಯಾದದ್ದರಿಂದ ಕಾಕಾ ಎದ್ದು ವಾಲ್ ತೆರೆದರು. ನೀರು ಬಂದಿತು. ಹೀಗೆ ನಮ್ಮ ಓಣಿಯ ಕುಡಿಯುವ ನೀರಿನ ಮೇಲಿನ ಸಂಪೂರ್ಣ ಅಧಿಕಾರ, ಯಾವ ಚುನಾವಣೆಯೂ ಇಲ್ಲದೆ, ಹಳೆಯ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತದ ತುಣುಕಿಗೆ ದಕ್ಕಿತು.

ಪೆಟ್ಟಿಗೆ ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ಸರಿಯಾಗದೆ ಉಳಿದಿರುವುದು ವೈನಿಯ ಕೆಲಸ. ಅಧಿಕಾರಿಗಳ ಭೇಟಿಯ ನಂತರ ಹೆಡ್ ಮಾಸ್ತರರು ಅವಳನ್ನು ಕರೆಸಿದರು. ಅವಳ ಕೋರಿಕೆಯ ಮೇಲೆ ನಾನೂ ಹೋಗಿದ್ದೆ. ಅವರು ಕಠಿಣವಾಗಿ ಮಾತಾಡಲಿಲ್ಲ. ಬಜರಿನ ಏರ್ಪಾಡನ್ನು ಇನ್ನು ಒಪ್ಪಲಾಗುವುದಿಲ್ಲ ಎಂದರು.

"ಬಾಯಾರ, ನಿಮ್ಮ ಪಾಠದ ಮ್ಯಾಲ ನಂದೇನೂ ತಕರಾರಿಲ್ಲ. ಮುಂದಿನ ವರ್ಷ ನಿಮ್ಮ ಹೆಸರು ಕಳಸಬೇಕಂದ್ರ, ಯಾವ ದಿನ ಯಾವ ಹೊತ್ತಿಗೆ ನೀವು ಹೋಗತೀರಿ ಅನ್ನೂದು ಮೊದಲ ನನ್ನ ಕೈಯಾಗ ಇರಬೇಕು. ಅದರ ಕೆಳಗ ಪಂಚಾಯ್ತಿಯವರ ಸಹಿ ಇರಬೇಕು. ವೇಳಾಪಟ್ಟಿ ನಾ ಹೊಂದಿಸಿಕೊಡತೀನಿ."

ಈ ಷರತ್ತಿನಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ. ಸುತ್ತ ಇಷ್ಟು ಜನರ ನಡುವೆ ವೇಳೆಯೊಂದಕ್ಕೆ ಬೆಲೆ ಇದೆಯೆಂದು ತಿಳಿದ ಅಧಿಕಾರಸ್ಥರು ಅವರೊಬ್ಬರೇ. ಮನೆ ಹತ್ತಿರವಾದಾಗ ವೈನಿ ನಿಂತಳು.

"ಗ್ರಹಣ ಯಾವಾಗ ಹಿಡೀತೈತಿ, ಯಾವಾಗ ಬಿಡತೈತಿ ಅಂತ ಮಕ್ಕಳಿಗೆ ನಿಮಿಷ ಸುದ್ದಾ ಹೇಳತೀನಿ. ನಮ್ಮ ನಳದ್ದು ಕೇಳಿದ್ರ ಏನ್ ಹೇಳ್ಲಿ?"

ಪಂಚಾಯಿತಿಯ ಸಹಿಗಾಗಿ ಅವಳೇ ಹೋಗಿ ಕೇಳಿದಳು. ವೇಳೆಯ ವಿಷಯವೆಲ್ಲ ಈಗ ಯಂತ್ರಕ್ಕೆ ಸೇರಿದ್ದು, ಯಂತ್ರ ನಿಮ್ಮ ಮನೆಯವರದೇ, ಮನೆಯಲ್ಲಿಯೇ ಕೇಳಿಕೊಳ್ಳಿರಿ ಎಂದು ಹೇಳಿ ಕಳುಹಿಸಿದರು. ಅವಳು ಮನೆಗೆ ಬಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಬಹುದಾದದ್ದು ಇಷ್ಟೇ: ಆ ಪೆಟ್ಟಿಗೆಗೆ ಆದದ್ದನ್ನು ತಿಳಿಸಲು ಬರುತ್ತದೆ, ಆಗಬೇಕಾದದ್ದನ್ನು ನಿರ್ಧರಿಸಲು ಬರುವುದಿಲ್ಲ. ನಿರ್ಧರಿಸಲಿಕ್ಕೆಂದೇ ನಾವು ಕೆಲವರಿಗೆ ಮತ ಹಾಕಿದ್ದೇವೆ, ಕೆಲವರಿಗೆ ಸಂಬಳ ಕೊಡುತ್ತಿದ್ದೇವೆ.

ಆದಕಾರಣ ಗ್ರಾಮ ಪಂಚಾಯಿತಿಯ ಅಧ್ಯಕ್ಷರಲ್ಲಿಯೂ ಅಭಿವೃದ್ಧಿ ಅಧಿಕಾರಿಗಳಲ್ಲಿಯೂ ಈ ಮೂಲಕ ವಿಧಿವತ್ತಾಗಿ ಕೋರುತ್ತೇನೆ. ನಮ್ಮ ಓಣಿಗೆ ನೀರು ಬಿಡುವ ದಿನವನ್ನೂ ಹೊತ್ತನ್ನೂ ತಾವು ಗೊತ್ತುಪಡಿಸಿ, ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ಪ್ರೌಢಶಾಲೆಗೆ ಕಳುಹಿಸಬೇಕು. ಬಜರು ಬಾರಿಸಿದ್ದನ್ನೇ ನೀರು ಕೊಟ್ಟದ್ದೆಂದು ಎಣಿಸಿದ ಲೆಕ್ಕವನ್ನು ರದ್ದುಗೊಳಿಸಬೇಕು. ಯಂತ್ರ ಬಾರಿಸದೆ ವಾಲ್ ತೆರೆಯಬಾರದೆಂದು ಅಪ್ಪಣೆ ಕೊಟ್ಟವರು ಯಾರೆಂಬುದನ್ನು ತಿಳಿಸಬೇಕು. ಬ್ಯಾನರನ್ನು ಅದೇ ಗೋಡೆಯ ಬೇರೊಂದು ಭಾಗಕ್ಕೆ ಸರಿಸಬೇಕು. ನಿಸ್ತಂತು ಪೆಟ್ಟಿಗೆಯನ್ನು ನಾನು ಪಂಚಾಯಿತಿಗೆ ಸಂತೋಷದಿಂದ ಬಿಟ್ಟುಕೊಡುತ್ತೇನೆ. ಪಂಚಾಯಿತಿಯ ಕೆಲಸವನ್ನು ಅದಕ್ಕೆ ಬಿಟ್ಟುಕೊಡಲು ತಮಗೆ ಅಧಿಕಾರವಿಲ್ಲ. ಹೊಸ ವರ್ಷದ ಅತಿಥಿ ಶಿಕ್ಷಕರ ಹೆಸರುಗಳು ಶಾಲೆಯಿಂದ ಹೊರಡುವ ಮೊದಲು ಉತ್ತರ ಬರಬೇಕು. ಆಮೇಲೆ ಬಂದ ಉತ್ತರ ನಮ್ಮ ವೈನಿಯ ಉಪಯೋಗಕ್ಕೆ ಬರುವುದಿಲ್ಲ. ಉತ್ತರ ಲಿಖಿತವಾಗಿರಲಿ, ಕೆಳಗೆ ಮನುಷ್ಯರ ಸಹಿ ಇರಲಿ.